ಬಿಸಿಲ ನಾಡಿನಲ್ಲಿ ಥಂಡಿ: ಬೀದರ್ ಯಾಕೆ ಇಷ್ಟು ತಣ್ಣಗಾಗುತ್ತದೆ, ಆಗ ನಾವೇನು ಮಾಡಬೇಕು

ಕರ್ನಾಟಕದಲ್ಲಿ ಅತಿ ಹೆಚ್ಚು ಚಳಿ ದಾಖಲಾದ ಊರು ಯಾವುದು ಅಂತ ಕೇಳಿದರೆ ಬಹಳ ಜನ ಮಡಿಕೇರಿ ಎನ್ನುತ್ತಾರೆ, ಇಲ್ಲವೇ ಚಿಕ್ಕಮಗಳೂರು. ಎರಡೂ ಅಲ್ಲ. ರಾಜ್ಯದ ಹವಾಮಾನ ದಾಖಲೆಗಳಲ್ಲಿ ಅತಿ ಕಡಿಮೆ ತಾಪಮಾನ ಅಂತ ಬರುವುದು ಬೀದರ್ ಹೆಸರು. 1918ರ ಡಿಸೆಂಬರ್ 16ರಂದು ಅಲ್ಲಿ ಪಾರದ ಮಟ್ಟ 2.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಬಿಸಿಲಿನ ಹಳೆಯ ದಾಖಲೆಯೂ ದೂರದ್ದಲ್ಲ. 1928ರ ಮೇ 23ರಂದು ರಾಯಚೂರಿನಲ್ಲಿ 45.6 ಡಿಗ್ರಿ.

ಬೆಂಗಳೂರಿನವರಿಗೆ ಇದು ಆಶ್ಚರ್ಯ ಅನಿಸಬಹುದು. ಬೀದರ್, ಕಲಬುರಗಿ, ಯಾದಗಿರಿ ಅಂದರೆ ಅವರಿಗೆ ಬರೀ ಬಿಸಿಲು. ಇಲ್ಲಿಯವರಿಗೆ ಗೊತ್ತು, ಮೇ ತಿಂಗಳಲ್ಲಿ ಹೊರಗೆ ಕಾಲಿಡಲು ಆಗದ ಇದೇ ಊರಲ್ಲಿ ಡಿಸೆಂಬರ್ ಬೆಳಗ್ಗೆ ಬಾಯಿಂದ ಹೊಗೆ ಬರುತ್ತದೆ. ಆದರೆ ಯಾಕೆ ಹೀಗೆ ಅಂತ ಕೇಳಿದರೆ 'ಉತ್ತರದ ಗಾಳಿ' ಅಂತಷ್ಟೇ ಹೇಳಿ ಮುಗಿಸುತ್ತೇವೆ. ಅದು ಅರ್ಧ ಉತ್ತರ. ಉಳಿದರ್ಧ ತಿಳಿದರೆ ಯಾವ ರಾತ್ರಿ ಹುಷಾರಾಗಿರಬೇಕು, ಮನೆಯಲ್ಲಿ ಏನು ಮಾಡಬೇಕು ಅನ್ನೋದೂ ತಾನಾಗಿ ಗೊತ್ತಾಗುತ್ತದೆ.

ಎತ್ತರಕ್ಕಿಂತ ದೊಡ್ಡ ಕಾರಣ

ಬೀದರ್ ಎತ್ತರದಲ್ಲಿದೆ, ಅದಕ್ಕೇ ಚಳಿ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಬೀದರ್ ಸಮುದ್ರ ಮಟ್ಟದಿಂದ ಸುಮಾರು 660 ಮೀಟರ್ ಮೇಲಿದೆ. ಕಲಬುರಗಿ ಸುಮಾರು 450, ಯಾದಗಿರಿ ಸುಮಾರು 390 ಮೀಟರ್. ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಆರೂವರೆ ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ಅಂದರೆ ಬೀದರಿಗೂ ಕಲಬುರಗಿಗೂ ಎತ್ತರದಿಂದ ಬರುವ ವ್ಯತ್ಯಾಸ ಒಂದೂವರೆ ಡಿಗ್ರಿಯೂ ಇಲ್ಲ. ಬೆಂಗಳೂರು ಇವೆಲ್ಲಕ್ಕಿಂತ ಎತ್ತರ, 900 ಮೀಟರಿಗೂ ಜಾಸ್ತಿ. ಆದರೂ ಅಲ್ಲಿಯ ಸಾರ್ವಕಾಲಿಕ ಕನಿಷ್ಠ 7.8 ಡಿಗ್ರಿ, ಅದೂ 1884ರಷ್ಟು ಹಿಂದೆ. ಹಾಗಾದರೆ ಬೀದರನ್ನು ಇಷ್ಟು ತಣ್ಣಗೆ ಮಾಡುವುದು ಏನು?

ಒಣ ಗಾಳಿ ಮತ್ತು ಬರಿ ಆಕಾಶ.

ಹಗಲು ಬಿಸಿಲಿಗೆ ನೆಲ ಕಾಯುತ್ತದೆ. ಸಂಜೆಯಾದ ಕೂಡಲೇ ಆ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಆಕಾಶದ ಕಡೆ ಬಿಡಲು ಶುರು ಮಾಡುತ್ತದೆ. ಮೇಲೆ ಮೋಡ ಇದ್ದರೆ, ಗಾಳಿಯಲ್ಲಿ ತೇವ ಇದ್ದರೆ, ಅವು ಆ ಶಾಖವನ್ನು ಹೀರಿಕೊಂಡು ಒಂದಷ್ಟನ್ನು ವಾಪಸು ಕೆಳಕ್ಕೆ ಕಳಿಸುತ್ತವೆ. ಮೋಡ ಅಂದರೆ ನೆಲಕ್ಕೆ ಹೊದಿಸಿದ ಕೌದಿ ಇದ್ದಂತೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಸೀಮೆಗೆ ಆ ಕೌದಿ ಇರುವುದಿಲ್ಲ. ಎರಡೂ ಕಡೆಯ ಸಮುದ್ರ ನೂರಾರು ಕಿಲೋಮೀಟರ್ ದೂರ. ಬಂಗಾಳ ಕೊಲ್ಲಿಯ ತೇವ ತಮಿಳುನಾಡಿನ ಕಡೆ ಜಾಸ್ತಿ ಹೋಗುತ್ತದೆ, ದಕ್ಷಿಣ ಕರ್ನಾಟಕಕ್ಕೂ ಅಷ್ಟಿಷ್ಟು ಸಿಗುತ್ತದೆ, ನಮ್ಮವರೆಗೆ ಬರುವುದು ಕಡಿಮೆ. ನೆಲದ ಶಾಖವೆಲ್ಲ ತಡೆಯಿಲ್ಲದೆ ಮೇಲೆ ಹೋಗುತ್ತದೆ. ಹಗಲು 28-29 ಡಿಗ್ರಿ ಇದ್ದ ಊರು ಬೆಳಗಿನ ಜಾವಕ್ಕೆ 12ಕ್ಕೆ ಬಂದು ನಿಲ್ಲುವುದು ಹೀಗೆ.

ಬೇಸಿಗೆಯ ಉರಿಗೂ ಇದೇ ಒಣತನ ಕಾರಣ. ನೆಲದಲ್ಲಿ, ಗಾಳಿಯಲ್ಲಿ ನೀರಿಲ್ಲದಿದ್ದರೆ ಹಗಲು ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ.

ಇದರ ಮೇಲೆ ಉತ್ತರದ ಗಾಳಿ ಸೇರಿದಾಗ ಶೀತ ಅಲೆ ಆಗುತ್ತದೆ. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮೋಡದ ವ್ಯವಸ್ಥೆಗಳು ಹಿಮಾಲಯಕ್ಕೆ ಹಿಮ ಸುರಿಸಿ ಮುಂದೆ ಹೋಗುತ್ತವೆ. ಅವು ದಾಟಿದ ಬೆನ್ನಿಗೇ ವಾಯವ್ಯದಿಂದ ತಣ್ಣನೆಯ ಒಣ ಗಾಳಿ ಬಯಲಿಗೆ ಇಳಿಯುತ್ತದೆ. ರಾಜಸ್ಥಾನ, ಮಧ್ಯಪ್ರದೇಶ, ಆಮೇಲೆ ಮರಾಠವಾಡ. ಅಲ್ಲಿಂದ ಬೀದರ್‌ವರೆಗೆ ಅದನ್ನು ತಡೆಯುವಷ್ಟು ಎತ್ತರದ ಬೆಟ್ಟ ಯಾವುದೂ ಇಲ್ಲ. ಹೀಗಾಗಿ ಕರ್ನಾಟಕದೊಳಗೆ ಅದು ಮೊದಲು ತಟ್ಟುವುದು ಔರಾದ್, ಭಾಲ್ಕಿ, ಬೀದರ್ ಸೀಮೆಗೆ. ಕಲಬುರಗಿ, ಯಾದಗಿರಿಗೆ ಬರುವಷ್ಟರಲ್ಲಿ ಸ್ವಲ್ಪ ಮೆತ್ತಗಾಗಿರುತ್ತದೆ, ಆದರೂ ಚುರುಕು ಇರುತ್ತದೆ.

ಗಾಳಿ ಬೀಸಿ ನಿಂತ ಮೇಲಿನ ರಾತ್ರಿಗಳನ್ನು ಗಮನಿಸಿ. ಗಾಳಿ ಬೀಸುವಾಗ ಮೇಲಿನ ಬೆಚ್ಚನೆಯ ಗಾಳಿ ಕೆಳಗಿನದರ ಜೊತೆ ಬೆರೆಯುತ್ತಿರುತ್ತದೆ. ಗಾಳಿ ನಿಂತರೆ ತಣ್ಣನೆಯದು ಭಾರವಾಗಿ ಕೆಳಗೇ ಕೂರುತ್ತದೆ, ತಗ್ಗಿನ ಕಡೆ ಹರಿಯುತ್ತದೆ. ಮಾಂಜ್ರಾ ಹೊಳೆ ದಂಡೆಯ ತಗ್ಗು ಹೊಲದಲ್ಲಿ ನಿಂತರೆ ಮೇಲಿನ ಊರಿಗಿಂತ ಚಳಿ ಜಾಸ್ತಿ ಅನಿಸುವುದು ಭ್ರಮೆಯಲ್ಲ. ಅತಿ ಕಡಿಮೆ ತಾಪಮಾನ ಬರುವುದು ನಡುರಾತ್ರಿಯಲ್ಲೂ ಅಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ.

ಎಷ್ಟು ಇಳಿದರೆ ಶೀತ ಅಲೆ?

ಭಾರತೀಯ ಹವಾಮಾನ ಇಲಾಖೆಗೆ ಇದಕ್ಕೊಂದು ಅಳತೆ ಇದೆ. ಬಯಲು ಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಜೊತೆಗೆ ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಕೆಳಗಿರಬೇಕು. ಅದು ಶೀತ ಅಲೆ. 6.4 ಡಿಗ್ರಿಗಿಂತಲೂ ಜಾಸ್ತಿ ಇಳಿದರೆ ತೀವ್ರ ಶೀತ ಅಲೆ. ವಾಡಿಕೆ ಎಷ್ಟೇ ಇರಲಿ, ಪಾರ 4 ಡಿಗ್ರಿಗೆ ಇಳಿದರೆ ಅದೂ ಶೀತ ಅಲೆಯೇ, 2ಕ್ಕೆ ಇಳಿದರೆ ತೀವ್ರ. ಡಿಸೆಂಬರಿನಲ್ಲಿ ನಮ್ಮ ಕಡೆ ವಾಡಿಕೆಯ ಕನಿಷ್ಠ ಹದಿನೈದರ ಆಸುಪಾಸು. ಹಾಗಾಗಿ ಹತ್ತಕ್ಕೆ ಬಂದರೆ ಸಾಕು, ಅಳತೆ ಮುಟ್ಟಿದಂತೆಯೇ.

ಇನ್ನೊಂದು ಮಾತು. ಇಲಾಖೆ ತಾಪಮಾನ ಅಳೆಯುವುದು ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ, ಬಿಳಿ ಬಣ್ಣದ ಕಟ್ಟಿಗೆ ಪೆಟ್ಟಿಗೆಯೊಳಗೆ. ಅದೇ ಹೊತ್ತಿಗೆ ಹುಲ್ಲಿನ ಮಟ್ಟದಲ್ಲಿ ಇನ್ನೂ ಕೆಲವು ಡಿಗ್ರಿ ಕಡಿಮೆ ಇರಬಹುದು. ಪೇಪರಿನಲ್ಲಿ 8 ಡಿಗ್ರಿ ಅಂತ ಓದುವಾಗ ಹೊಲದಲ್ಲಿ ನೆಲದ ಮೇಲೆ ಮಲಗಿದ ಮನುಷ್ಯನಿಗೆ, ಅಲ್ಲಿಯ ಕಡಲೆ ಗಿಡಕ್ಕೆ ಎಷ್ಟಿರುತ್ತದೆ ಅಂತ ಯೋಚಿಸಿ.

ಹಿಮ ಬೀಳುತ್ತದಾ?

ಪ್ರತಿ ವರ್ಷ ಯಾರಾದರೂ ಒಬ್ಬರು ರಸ್ತೆಯೆಲ್ಲ ಬೆಳ್ಳಗಾದ ವಿಡಿಯೋ ಕಳಿಸಿ 'ನಮ್ಮೂರು ಕಾಶ್ಮೀರ ಆಯ್ತು' ಎನ್ನುತ್ತಾರೆ. ಅದು ಹಿಮ ಅಲ್ಲ, ಆಲಿಕಲ್ಲು. ಅದು ಬೀಳುವ ಕಾಲವನ್ನೇ ನೋಡಿ, ಫೆಬ್ರುವರಿ ಕೊನೆಯಿಂದ ಮೇವರೆಗೆ. ಅಂದರೆ ಬಿಸಿಲು ಏರುವ ಕಾಲ. ಕಾದ ಗಾಳಿ ರಭಸದಿಂದ ಮೇಲೇರಿ ಎತ್ತರದ ಮೋಡ ಕಟ್ಟುತ್ತದೆ. ಆ ಮೋಡದ ಮೇಲ್ಭಾಗದಲ್ಲಿ ನೀರಿನ ಹನಿ ಹೆಪ್ಪುಗಟ್ಟಿ, ಮೇಲೇರುವ ಗಾಳಿಯಲ್ಲಿ ತೇಲುತ್ತಾ ಪದರು ಪದರಾಗಿ ಬೆಳೆದು, ಭಾರ ತಾಳದೆ ಕಲ್ಲಾಗಿ ಉದುರುತ್ತದೆ. 2014ರ ಫೆಬ್ರುವರಿ-ಮಾರ್ಚಿನಲ್ಲಿ ಮರಾಠವಾಡದ ಜೊತೆ ಉತ್ತರ ಕರ್ನಾಟಕಕ್ಕೂ ಬಿದ್ದ ಆಲಿಕಲ್ಲು ಎಷ್ಟು ಬೆಳೆ ತಿಂದಿತು ಅಂತ ರೈತರಿಗೆ ಇನ್ನೂ ನೆನಪಿದೆ.

ಹಿಮಕ್ಕೆ ಎರಡು ಬೇಕು. ಮೋಡ ಬೇಕು, ಮತ್ತೆ ಆ ಮೋಡದಿಂದ ನೆಲದವರೆಗೆ ಗಾಳಿ ಸೊನ್ನೆಯ ಹತ್ತಿರ ಇರಬೇಕು. ನಮ್ಮಲ್ಲಿ ಈ ಎರಡೂ ಒಟ್ಟಿಗೆ ಕೂಡಿ ಬರುವುದಿಲ್ಲ. ಮೋಡ ಇಲ್ಲದ್ದಕ್ಕೇ ನಮಗೆ ಚಳಿ. ಬಂಗಾಳ ಕೊಲ್ಲಿಯಲ್ಲಿ ಡಿಸೆಂಬರ್ ಚಂಡಮಾರುತ ಎದ್ದು ಮೋಡ ಇಲ್ಲಿವರೆಗೆ ಬಂದರೆ ರಾತ್ರಿ ತಾಪಮಾನ ಏರಿಬಿಡುತ್ತದೆ. ತೀರಾ ಚಳಿಯ ವರ್ಷ ತಗ್ಗು ಹೊಲದ ಹುಲ್ಲಿನ ಮೇಲಿನ ಇಬ್ಬನಿ ಗಟ್ಟಿಯಾಗಿ ಬೆಳ್ಳಗೆ ಕಾಣಬಹುದು. ಅದೂ ಮೇಲಿಂದ ಬಿದ್ದದ್ದಲ್ಲ, ಅಲ್ಲೇ ಕಟ್ಟಿದ್ದು.

ಎಂಟು ಡಿಗ್ರಿಗೆ ಸಾವು ಯಾಕೆ?

ದೆಹಲಿಯವರು 4 ಡಿಗ್ರಿಯಲ್ಲಿ ಬದುಕುತ್ತಾರೆ, ಲಡಾಖಿನವರು ಸೊನ್ನೆಗಿಂತ ಕೆಳಗೆ. ನಮಗೆ ಎಂಟಕ್ಕೇ ಯಾಕೆ ಇಷ್ಟು ಗದ್ದಲ ಅನ್ನೋರಿದ್ದಾರೆ. ಈ ಮಾತು ನನಗೆ ಸರಿ ಕಾಣುವುದಿಲ್ಲ. ಚಳಿ ಕೊಲ್ಲುವುದು ತಯಾರಿ ಇಲ್ಲದ ಕಡೆ.

2016ರ ಜನವರಿಯಲ್ಲಿ ತೈವಾನಿಗೆ ಶೀತ ಅಲೆ ಬಂತು. ರಾಜಧಾನಿ ತೈಪೆಯಲ್ಲಿ ಪಾರ 4 ಡಿಗ್ರಿಗೆ ಇಳಿಯಿತು, 44 ವರ್ಷಗಳಲ್ಲೇ ಕಡಿಮೆ. ಸೊನ್ನೆಗೆ ಇನ್ನೂ ದೂರವೇ ಇತ್ತು. ಆದರೂ ಆ ದಿನಗಳಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತ ವರದಿಗಳು ಬಂದವು. ಹೆಚ್ಚಿನವರು ವಯಸ್ಸಾದವರು, ಹೃದಯದ ತೊಂದರೆ ಇದ್ದವರು. ಬಿಸಿ ದೇಶದ ಮನೆಗಳು, ಒಳಗೆ ಬೆಚ್ಚಗೆ ಮಾಡುವ ವ್ಯವಸ್ಥೆ ಇಲ್ಲ. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸಿಗೆ ಹಿಮ ಬಿತ್ತು. ಅದೂ ಬಿಸಿಲಿನ ರಾಜ್ಯ. ಗ್ಯಾಸ್ ಬಾವಿಗಳು, ಪೈಪುಗಳು ಹೆಪ್ಪುಗಟ್ಟಿ ಕರೆಂಟ್ ಹೋಯಿತು. 45 ಲಕ್ಷಕ್ಕೂ ಹೆಚ್ಚು ಮನೆ ಕತ್ತಲಾದವು. ರಾಜ್ಯ ಸರ್ಕಾರದ ಲೆಕ್ಕದಲ್ಲೇ 246 ಸಾವು. ಹೆಚ್ಚಿನವರು ಮೈ ತಣ್ಣಗಾಗಿಯೇ ಸತ್ತರು, ಕೆಲವರು ಬೆಚ್ಚಗಾಗಲು ಒಳಗೆ ಹೊತ್ತಿಸಿದ್ದರ ವಿಷಗಾಳಿಗೆ ಬಲಿಯಾದರು. ಅಷ್ಟು ಸಿರಿವಂತ ರಾಜ್ಯದ ಗತಿ ಇದು.

ನಮ್ಮ ಮನೆಗಳನ್ನೂ ಕಟ್ಟಿರುವುದು ಬಿಸಿಲಿಗಾಗಿ. ಶಹಾಬಾದ್ ಕಲ್ಲಿನ ನೆಲ ನೋಡಿ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಸುಮ್ನೆ ಅಡ್ಡಾದರೆ ಎಷ್ಟು ಹಿತ. ಕಲ್ಲು ಮೈಯಿಂದ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಅದಕ್ಕೇ ತಂಪು. ಡಿಸೆಂಬರ್ ರಾತ್ರಿಯಲ್ಲೂ ಅದು ಅದೇ ಕೆಲಸ ಮಾಡುತ್ತದೆ. ತೆಳ್ಳಗಿನ ಚಾಪೆ ಹಾಸಿ ಮೇಲೆ ಎರಡು ರಗ್ಗು ಹೊದ್ದುಕೊಂಡರೂ ಬೆನ್ನಿನಿಂದ ಶಾಖ ಸೋರುತ್ತಲೇ ಇರುತ್ತದೆ.

ತಗಡಿನ ಮನೆಗಳದ್ದು ಇನ್ನೂ ಕಷ್ಟ. ತಗಡು ತೆಳುವು, ಹಿಡಿದಿಟ್ಟುಕೊಳ್ಳುವ ಶಾಖ ಏನೂ ಇಲ್ಲ. ರಾತ್ರಿ ಅದು ನೇರ ಆಕಾಶಕ್ಕೆ ಶಾಖ ಬಿಟ್ಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ ಮಲಗಿದವರ ಉಸಿರಿನ ತೇವ ಅದಕ್ಕೆ ತಾಗಿ ನೀರಾಗಿ, ಬೆಳಗಿನ ಜಾವ ಹೊದಿಕೆ ಮೇಲೆ ತೊಟ್ಟಿಕ್ಕುತ್ತದೆ. ಒದ್ದೆಯಾದ ಹೊದಿಕೆ ಬೆಚ್ಚಗೆ ಇಡುವುದಿಲ್ಲ. ಹಳೆ ಕಾಲದ ಮಣ್ಣಿನ ಮಾಳಿಗೆ ಮನೆಗಳು ಈ ವಿಷಯದಲ್ಲಿ ಬಹಳ ಮೇಲು. ದಪ್ಪ ಗೋಡೆ ಹಗಲಿನ ಶಾಖವನ್ನು ರಾತ್ರಿಯಿಡೀ ನಿಧಾನವಾಗಿ ಒಳಗೆ ಬಿಡುತ್ತದೆ. ಆದರೆ ಅಂಥ ಮನೆ ಕಟ್ಟುವವರು ಈಗ ಸಿಗುವುದೇ ಅಪರೂಪ.

ತಗಡಿನ ಮನೆಯಲ್ಲಿ ಇರುವವರು ಖರ್ಚಿಲ್ಲದೆ ಮಾಡಬಹುದಾದ ಒಂದು ಕೆಲಸ ಇದೆ. ತಗಡಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಹಳೆಯ ಸೀರೆ, ಗೋಣಿ ತಟ್ಟು ಅಥವಾ ತಾಡಪತ್ರಿ ಕಟ್ಟಿ. ನಡುವೆ ನಿಂತ ಗಾಳಿ ಶಾಖ ಹೋಗುವುದನ್ನು ತಡೆಯುತ್ತದೆ, ನೀರು ತೊಟ್ಟಿಕ್ಕುವುದೂ ಕಡಿಮೆಯಾಗುತ್ತದೆ. ಒಲೆಯ ಹತ್ತಿರ ಮಾತ್ರ ಕಟ್ಟಬೇಡಿ.

ಹಾಸಿಗೆ ವಿಷಯದಲ್ಲೂ ನಿಂತ ಗಾಳಿಯೇ ಮುಖ್ಯ. ಅಜ್ಜಿಯಂದಿರು ಹಳೆಯ ಸೀರೆಗಳನ್ನು ಪದರು ಪದರಾಗಿ ಇಟ್ಟು ಹೊಲಿಯುವ ಕೌದಿ ಬೆಚ್ಚಗಿರುವುದು ಬಟ್ಟೆಯ ದಪ್ಪಕ್ಕಿಂತ ಪದರುಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಒಂದು ದಪ್ಪ ರಗ್ಗಿಗಿಂತ ಎರಡು ಮೂರು ತೆಳ್ಳನೆಯವು ಮೇಲು. ಕುರಿ ಉಣ್ಣೆಯ ಕಂಬಳಿಗೆ ಇನ್ನೊಂದು ಗುಣ, ಸ್ವಲ್ಪ ಒದ್ದೆಯಾದರೂ ಬೆಚ್ಚಗೆ ಇಡುತ್ತದೆ. ಇರುವುದು ಎರಡೇ ಹೊದಿಕೆ ಅಂದರೆ ಒಂದನ್ನು ಕೆಳಗೆ ಹಾಸಿ. ಕೆಳಗೆ ಹಾಸಲು ಏನೂ ಇಲ್ಲದಿದ್ದರೆ ಹುಲ್ಲು, ಗೋಣಿಚೀಲ, ರಟ್ಟಿನ ಡಬ್ಬಿ ಬಿಚ್ಚಿ ಹಾಸಿದರೂ ನಡೆಯುತ್ತದೆ.

ಬೆಳಗ್ಗೆ ಬೈಕಿನಲ್ಲಿ ಹೋಗುವವರಿಗೆ ಒಂದು ಲೆಕ್ಕ. ಗಾಳಿ ಮೈಯ ಸುತ್ತಲಿನ ಬೆಚ್ಚನೆ ಪದರನ್ನು ಹೊತ್ತೊಯ್ಯುತ್ತದೆ. ಹೊರಗೆ 10 ಡಿಗ್ರಿ ಇದ್ದು ನೀವು ಗಂಟೆಗೆ 40 ಕಿಲೋಮೀಟರ್ ಹೋಗುತ್ತಿದ್ದರೆ ಬರಿ ಚರ್ಮಕ್ಕೆ ಅದು ಸುಮಾರು 6 ಡಿಗ್ರಿಯಂತೆ ತಟ್ಟುತ್ತದೆ. 5 ಡಿಗ್ರಿ ಇದ್ದರೆ ಸೊನ್ನೆಯ ಕೆಳಗೆ. ಮಗುವನ್ನು ಟ್ಯಾಂಕಿನ ಮೇಲೆ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಡುತ್ತೇವೆ ಅಲ್ವಾ, ಆ ಗಾಳಿಯೆಲ್ಲ ಮೊದಲು ತಾಗುವುದು ಅದರ ಎದೆಗೆ.

ಒಳಗೆ ಕೆಂಡ ಬೇಡ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ಶೆಗಡಿ, ಇದ್ದಿಲು, ಕೆಂಡ ಇಟ್ಟುಕೊಂಡು ಮಲಗಬೇಡಿ. ಪ್ರತಿ ಚಳಿಗಾಲದಲ್ಲೂ ದೇಶದ ಎಲ್ಲೋ ಒಂದು ಕಡೆ ಇಡೀ ಮನೆಯವರು ಹೀಗೆ ಮಲಗಿದಲ್ಲೇ ಸತ್ತ ಸುದ್ದಿ ಬರುತ್ತದೆ.

ಕೆಂಡಕ್ಕೆ ಸಾಕಷ್ಟು ಗಾಳಿ ಸಿಗದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಅನ್ನೋ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಬಾರದ ಕೆಂಡ ಸುರಕ್ಷಿತ ಅಂತ ನಾವು ತಿಳಿದಿದ್ದೇವೆ. ಆದರೆ ಹೊಗೆ ಇದ್ದರೆ ಕಣ್ಣು ಉರಿದು ಹೊರಗಾದರೂ ಬರುತ್ತೇವೆ, ಈ ಅನಿಲ ಅಂಥ ಸುಳಿವು ಕೊಡುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊತ್ತು ತಿರುಗುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು, ಜೋಂಪು. ನಿದ್ದೆ ಬರುತ್ತಿದೆ ಅಂತ ಮಲಗಿದರೆ ಮುಗಿಯಿತು.

ಬಚ್ಚಲುಮನೆಯ ಗ್ಯಾಸ್ ಗೀಸರ್‌ಗೂ ಇದೇ ಮಾತು. ಚಳಿ ಅಂತ ಕಿಟಕಿ ಬಂದ್ ಮಾಡಿ ಅರ್ಧ ಗಂಟೆ ಬಿಸಿನೀರು ಸುರಿದುಕೊಳ್ಳುವುದು ಅಪಾಯ. ಗೀಸರ್ ಹೊರಗಿರಲಿ. ಅದು ಆಗದಿದ್ದರೆ ಮೊದಲು ಬಕೆಟ್ ತುಂಬಿಸಿ, ಆಫ್ ಮಾಡಿ, ಆಮೇಲೆ ಸ್ನಾನಕ್ಕೆ ಹೋಗಿ. ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ಕಿಟಕಿ ತೆಗೆದು, ಅವರನ್ನು ಬಯಲು ಗಾಳಿಗೆ ತಂದು, 108ಕ್ಕೆ ಫೋನ್ ಮಾಡಿ.

ಬೆಂಕಿ ಕಾಯಿಸಬಾರದು ಅಂತಲ್ಲ. ಅಂಗಳದಲ್ಲಿ ಕಾಯಿಸಿ. ಮಲಗುವ ಮುಂಚೆ ಬಿಸಿನೀರನ್ನು ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಬಟ್ಟೆ ಸುತ್ತಿ ಹೊದಿಕೆಯೊಳಗೆ ಕಾಲ ಹತ್ತಿರ ಇಟ್ಟುಕೊಂಡರೆ ಬಹಳ ಹೊತ್ತು ಬೆಚ್ಚಗಿರುತ್ತದೆ.

ಮುದುಕರು, ಎಳೆ ಮಕ್ಕಳು

ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಬಿಪಿ ಏರುತ್ತದೆ, ರಕ್ತ ಸ್ವಲ್ಪ ಗಟ್ಟಿಯಾಗುತ್ತದೆ. ಹೃದಯ ಜಾಸ್ತಿ ದುಡಿಯಬೇಕು. ಬಿಪಿ, ಹೃದಯದ ತೊಂದರೆ ಇರುವ ಹಿರಿಯರು ಐದು ಗಂಟೆಯ ವಾಕಿಂಗನ್ನು ಬಿಸಿಲು ಬಿದ್ದ ಮೇಲೆ ಇಟ್ಟುಕೊಂಡರೆ ಒಳ್ಳೆಯದು. ಮಾತ್ರೆ ಬಿಡಬಾರದು.

ಮೈಯೊಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಮೊದಲು ನಡುಕ. ನಡುಗುತ್ತಿದ್ದ ಮನುಷ್ಯ ನಡುಕ ನಿಲ್ಲಿಸಿ ಮಾತು ತೊದಲುತ್ತಿದ್ದರೆ ಅವರು ಸುಧಾರಿಸಿಲ್ಲ, ಕೈ ಮೀರುತ್ತಿದ್ದಾರೆ. ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಸುತ್ತಿ, ಮೊದಲು ಎದೆ, ಹೊಟ್ಟೆ ಬೆಚ್ಚಗೆ ಮಾಡಿ. ಕೈಕಾಲು ಜೋರಾಗಿ ತಿಕ್ಕಬೇಡಿ. ಎಚ್ಚರ ಇದ್ದರೆ ಸಕ್ಕರೆ ಹಾಕಿದ ಬಿಸಿ ಚಹಾ ಕೊಡಿ. ಹೆಂಡ ಬೇಡವೇ ಬೇಡ. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಬೆಚ್ಚಗಾದಂತೆ ಅನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತಿರುತ್ತದೆ.

ಹಸುಗೂಸಿಗೆ ಸರಿಯಾಗಿ ನಡುಗಲೂ ಬರುವುದಿಲ್ಲ. ಹುಟ್ಟಿದ ಮೊದಲ ದಿನ ಸ್ನಾನ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತೂಕ ಕಡಿಮೆ ಇರುವ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಮೇಲೆ ಹೊದಿಸಿ, ತಲೆಗೆ ಟೋಪಿ ಹಾಕಿ. ಕೂಸಿನ ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಅದಕ್ಕೆ ಚಳಿಯಾಗುತ್ತಿದೆ. ಹೊಟ್ಟೆಯೂ ತಣ್ಣಗಿದ್ದರೆ ಆಸ್ಪತ್ರೆಗೆ ಓಡಿ.

ಊಟದ ವಿಷಯ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಉಣ್ಣುವ ಸಜ್ಜೆ ಕಡುಬು, ಭಜ್ಜಿ, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹಿಂಡಿ ಎಲ್ಲವೂ ಚಳಿಗಾಲದ ಊಟ. ಮೈ ಶಾಖ ಹುಟ್ಟಿಸಿಕೊಳ್ಳಲು ಅನ್ನ, ಎಣ್ಣೆ ಬೇಕು. ರಾತ್ರಿ ಅರೆಹೊಟ್ಟೆಯಲ್ಲಿ ಮಲಗಿದವರಿಗೆ ಚಳಿ ಜಾಸ್ತಿ ತಟ್ಟುತ್ತದೆ.

ತೊಗರಿ, ಕಡಲೆ, ದನಕರು

ತೊಗರಿ ಕಣಜದಲ್ಲಿ ಚಳಿಯ ಮಾತಾಡಿ ಬೆಳೆ ಬಿಡಲಾಗದು. ನವೆಂಬರಿನಿಂದ ತೊಗರಿ ಹೂ, ಕಾಯಿ ಕಟ್ಟುವ ಹೊತ್ತು. ಆಗ ದಟ್ಟ ಮಂಜು ಕವಿದರೆ ಹೂ ಉದುರುತ್ತದೆ. ಕಡಲೆಯದು ಬೇರೆ ಸಮಸ್ಯೆ. ಅದು ಚಳಿ ಬೆಳೆಯೇ, ಆದರೆ ಹೂ ಬಿಟ್ಟ ಮೇಲೆ ದಿನದ ಸರಾಸರಿ ತಾಪಮಾನ 15ಕ್ಕಿಂತ ಕೆಳಗೆ ಹೋದರೆ ಹೂ ಕಾಯಾಗುವುದಿಲ್ಲ. ನಮ್ಮಲ್ಲಿ ಹಗಲು ಬಿಸಿ ಇರುವುದರಿಂದ ಅಷ್ಟು ಇಳಿಯುವ ದಿನಗಳು ಕಡಿಮೆ, ಅದು ನಮ್ಮ ಪುಣ್ಯ.

ನೀರಿನ ಅನುಕೂಲ ಇದ್ದವರು ಚಳಿ ಜೋರಾಗುವ ಸುದ್ದಿ ಬಂದಾಗ ಸಂಜೆ ತೆಳುವಾಗಿ ನೀರು ಹಾಯಿಸಬಹುದು. ಒಣ ಎರೆಮಣ್ಣಿನ ಬಿರುಕುಗಳಲ್ಲಿ ತುಂಬಿರುವುದು ಗಾಳಿ, ಅದು ಆಳದ ಶಾಖವನ್ನು ಮೇಲೆ ಬಿಡುವುದಿಲ್ಲ. ಹಸಿ ಮಣ್ಣು ಹಗಲಿನ ಶಾಖ ಹಿಡಿದಿಟ್ಟು ರಾತ್ರಿ ಬಿಡುತ್ತದೆ. ತರಕಾರಿ ಸಸಿಮಡಿಗೆ ರಾತ್ರಿ ಹುಲ್ಲು ಅಥವಾ ಸೀರೆ ಹೊದಿಸಿ ಬೆಳಗ್ಗೆ ತೆಗೆದರೆ ಸಾಕು. ಕೊಟ್ಟಿಗೆಯಲ್ಲಿ ನೆಲ ಒಣಗಿರುವುದು ಮುಖ್ಯ. ಎಳಗರು, ಆಡಿನ ಮರಿಗಳಿಗೆ ಕೆಳಗೆ ಹುಲ್ಲು, ಮೈಮೇಲೆ ಗೋಣಿ.

ನನಗೆ ಜಾಸ್ತಿ ಚಿಂತೆ ಬಯಲಲ್ಲಿ ಮಲಗುವವರದು. ಬೀದರ್ ಜಿಲ್ಲೆಯ ಕಬ್ಬಿನ ಗದ್ದೆಗಳಿಗೆ ಬರುವ ಕಟಾವು ಕೂಲಿಗಳು ಸರಿಯಾಗಿ ಇದೇ ತಿಂಗಳುಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಾರೆ. ಎಳೆ ಮಕ್ಕಳೂ ಜೊತೆಗಿರುತ್ತವೆ. ಇಟ್ಟಿಗೆ ಭಟ್ಟಿಯವರು, ಬಸ್ ಸ್ಟ್ಯಾಂಡಿನಲ್ಲಿ ಮಲಗುವವರು ಬೇರೆ. ಇವರಿಗೆ ಕಂಬಳಿ ಹಂಚುವುದು ಒಳ್ಳೆಯ ಕೆಲಸ, ಆದರೆ ಬಹಳ ಸಲ ಅದು ಜನವರಿ ಮುಗಿಯುವ ಹೊತ್ತಿಗೆ ನಡೆಯುತ್ತದೆ. ಡಿಸೆಂಬರ್ ಮೊದಲ ವಾರಕ್ಕೇ ಕೊಡಿ. ಪ್ರತಿ ಕಂಬಳಿ ಜೊತೆ ನೆಲಕ್ಕೆ ಹಾಸಲು ಒಂದು ತಾಡಪತ್ರಿ, ನಾಲ್ಕು ಗೋಣಿಚೀಲ ಕೊಡಿ.

ದಿನ ಗೊತ್ತುಮಾಡುವುದೂ ಕಷ್ಟವಲ್ಲ. ಹವಾಮಾನ ಇಲಾಖೆ ಜಿಲ್ಲಾವಾರು ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತದೆ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಮಾಹಿತಿ ಕೊಡುತ್ತದೆ. ಅದರ ಜೊತೆ ಮರಾಠವಾಡದ ಪರಭಣಿ, ನಾಂದೇಡ್ ಕಡೆಯ ಕನಿಷ್ಠ ತಾಪಮಾನದ ಮೇಲೆ ಒಂದು ಕಣ್ಣಿಡಿ. ಅಲ್ಲಿ ಒಮ್ಮೆಲೇ ಕುಸಿದು, ಇಲ್ಲಿ ಸಂಜೆ ಆಕಾಶ ತಿಳಿಯಾಗಿ ಗಾಳಿ ನಿಂತಿದ್ದರೆ, ಅವತ್ತಿನ ರಾತ್ರಿಯೇ ಅಜ್ಜನ ಹಾಸಿಗೆ ಕೆಳಗೆ ಇನ್ನೊಂದು ಕೌದಿ ಹಾಕಬೇಕು.